ಮೊದಲ ಬೈಕು: ಸಿಸಿ ಕೇಳುವ ಮೊದಲು ತಳ್ಳಿ ನೋಡಿ

ನನ್ನ ಮೊದಲ ಬೈಕು ಬಿದ್ದಾಗ ಅದರ ಎಂಜಿನ್ ಆಫ್ ಆಗಿತ್ತು. ಮೇಲೆ ಕೂತು, ಎರಡೂ ಕಾಲಿನಿಂದ ನೂಕುತ್ತಾ ಪಾರ್ಕಿಂಗ್ ಜಾಗದಿಂದ ಹಿಂದಕ್ಕೆ ತೆಗೆಯುತ್ತಿದ್ದೆ. ನೆಲ ಎಡಕ್ಕೆ ತುಸು ಇಳಿಜಾರಿತ್ತು. ಜಲ್ಲಿಯ ಮೇಲೆ ಎಡಗಾಲು ಜಾರಿತು, ಗಾಡಿ ಅದೇ ಕಡೆಗೆ ವಾಲಿತು. ವಾಲುತ್ತಿರುವ ಬೈಕನ್ನು ಒಂದು ಮಟ್ಟದವರೆಗೆ ತಡೆಯಬಹುದು. ಅಲ್ಲಿಂದಾಚೆ ಎಷ್ಟು ಗಟ್ಟಿ ಆಳಾದರೂ ಆಗುವುದಿಲ್ಲ, ಮೆತ್ತಗೆ ಮಲಗಿಸಿ ಕಾಲು ಹೊರಗೆ ಎಳೆದುಕೊಳ್ಳಬೇಕು ಅಷ್ಟೆ. ಕ್ಲಚ್ ಲಿವರ್ ಅರ್ಧಕ್ಕೆ ಮುರಿಯಿತು. ಗೇರ್ ಪೆಡಲ್ ಒಳಕ್ಕೆ ಮಡಚಿಕೊಂಡಿತು. ಪಕ್ಕದ ಪ್ಲಾಸ್ಟಿಕ್ಕಿನಲ್ಲಿ ಅಂಗೈ ಉದ್ದದ ಬಿರುಕು. ಬಿದ್ದಾಗ ವೇಗ ಎಷ್ಟಿತ್ತು? ಸೊನ್ನೆ.

ಆ ಗಾಡಿ ಆರಿಸುವಾಗ ನಾನು ಕೇಳಿದ್ದು ಮೂರೇ ಪ್ರಶ್ನೆ. ಎಷ್ಟು ಸಿಸಿ? ಎಷ್ಟು ಓಡುತ್ತದೆ? ನೋಡಲಿಕ್ಕೆ ಹೇಗಿದೆ? ತೂಕ ಎಷ್ಟು ಅಂತ ಕೇಳಲೇ ಇಲ್ಲ. ಸೀಟಿನ ಮೇಲೆ ಕೂತಾಗ ಹಿಮ್ಮಡಿ ಗಾಳಿಯಲ್ಲಿತ್ತು. ಓಡಿಸಲು ಶುರು ಮಾಡಿದರೆ ಅಭ್ಯಾಸವಾಗುತ್ತದೆ ಅಂದುಕೊಂಡೆ. ಅಭ್ಯಾಸವೇನೋ ಆಯಿತು, ಮೂರು ಲಿವರ್ ಮುರಿದ ಮೇಲೆ.

ಹೊಸಬರು ಬೈಕು ಬೀಳಿಸುವುದು ಬಹುತೇಕ ಹೀಗೇ. ಯೂಟರ್ನ್ ತೆಗೆಯುವಾಗ, ಸಿಗ್ನಲ್‌ನಲ್ಲಿ ಕಾಲು ಊರುವಾಗ, ಸೈಡ್ ಸ್ಟ್ಯಾಂಡ್ ಪೂರ್ತಿ ಬಿಚ್ಚಿಕೊಂಡಿದೆ ಅಂದುಕೊಂಡು ಇಳಿಯುವಾಗ. ಗಂಟೆಗೆ ನೂರು ಕಿಲೋಮೀಟರ್ ವೇಗದಲ್ಲಿ ಎಲ್ಲ ಬೈಕೂ ತಾನಾಗಿಯೇ ನೆಟ್ಟಗೆ ನಿಲ್ಲುತ್ತದೆ. ನಡಿಗೆಯ ವೇಗದಲ್ಲಿ ಅದನ್ನು ನಿಲ್ಲಿಸಬೇಕಾದವರು ನೀವು. ಹಾಗಾಗಿ ಕಡಿಮೆ ದುಡ್ಡಿನ ಮೊದಲ ಬೈಕು ಹುಡುಕುವವರಿಗೆ ನಾನು ಹೇಳುವುದು ಒಂದೇ: ಎಂಜಿನ್ ಆಫ್ ಇದ್ದಾಗ ಯಾವ ಗಾಡಿ ನಿಮ್ಮ ಮಾತು ಕೇಳುತ್ತದೋ ಅದನ್ನೇ ಆರಿಸಿ.

ಸಿಸಿ ಹೇಳದ ಸಂಗತಿ

"ಹೊಸಬರಿಗೆ ಎಷ್ಟು ಸಿಸಿ ಸಾಕು?" ಎಲ್ಲರೂ ಕೇಳುವ ಪ್ರಶ್ನೆ ಇದು. ಆದರೆ ಸಿಸಿ ಅಂದರೆ ಎಂಜಿನ್ನಿನ ಸಿಲಿಂಡರ್ ಒಳಗಿನ ಜಾಗದ ಅಳತೆ, ಅಷ್ಟೆ. ಆ ಜಾಗವನ್ನು ಕಂಪನಿ ಹೇಗೆ ಬಳಸಿಕೊಂಡಿದೆ ಅನ್ನುವುದು ಬೇರೆಯೇ ಕಥೆ.

ಮೂರು ಗಾಡಿ ತೆಗೆದುಕೊಳ್ಳಿ. ಹೋಂಡಾ ಸಿಬಿ500 ಸಾಲಿನ ಬೈಕುಗಳದ್ದು 471 ಸಿಸಿ, ಶಕ್ತಿ ಸುಮಾರು 47 ಹಾರ್ಸ್‌ಪವರ್. ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 648 ಸಿಸಿ, ಅದರದ್ದೂ ಸುಮಾರು 47. ಇವೆರಡರ ನಡುವೆ ಬರುವ ಯಮಹಾ ಆರ್6 ಬರೀ 599 ಸಿಸಿ. ಅದರ ಶಕ್ತಿ 115ರ ಆಚೆ! ಸಿಸಿ ಮಾತ್ರ ನೋಡಿದವರಿಗೆ ಆರ್6 ನಡುವಿನ ಗಾಡಿಯ ಹಾಗೆ ಕಾಣುತ್ತದೆ. ನಿಜಕ್ಕೂ ಅದು ರೇಸಿಂಗ್ ಟ್ರ್ಯಾಕಿಗೆ ಅಂತ ಹುಟ್ಟಿದ್ದು. ಸೆಕೆಂಡ್ ಹ್ಯಾಂಡ್‌ನಲ್ಲಿ ಹಳೆಯ 600 ಸಿಸಿ ಸ್ಪೋರ್ಟ್ಸ್ ಬೈಕು ಅಗ್ಗಕ್ಕೆ ಸಿಕ್ಕಿತು ಅಂತ ಹೊಸಬರು ತಂದುಬಿಡುತ್ತಾರೆ. ಬೇಡ, ದಯವಿಟ್ಟು ಬೇಡ. ಗುಂಡಿ ಹಾರಿದಾಗ ಕೈ ಅರಿವಿಲ್ಲದೆ ಆಕ್ಸಿಲರೇಟರ್ ತಿರುಗಿಸಿಬಿಡುತ್ತದೆ. ಸಣ್ಣ ಗಾಡಿಯಲ್ಲಿ ಅದು ಒಂದು ಜರ್ಕ್. ಅಂಥ ಗಾಡಿಯಲ್ಲಿ ಅದೇ ಅಪಘಾತ.

ಅಳತೆಗೋಲು ಬೇಕೇ ಬೇಕು ಅನ್ನುವವರಿಗೆ ಯುರೋಪಿನ ಲೈಸೆನ್ಸ್ ಪದ್ಧತಿ ಒಂದು ಒಳ್ಳೆಯ ಗೆರೆ ಎಳೆದುಕೊಟ್ಟಿದೆ. ಅಲ್ಲಿ ಎ1 ಲೈಸೆನ್ಸಿಗೆ 125 ಸಿಸಿ, 11 ಕಿಲೋವ್ಯಾಟ್ ಮಿತಿ. ಮುಂದಿನ ಎ2 ಲೈಸೆನ್ಸಿಗೆ 35 ಕಿಲೋವ್ಯಾಟ್, ಅಂದರೆ ಸುಮಾರು 47 ಹಾರ್ಸ್‌ಪವರ್. ಈ ಎರಡನೇ ಹಂತದಲ್ಲಿ ಸಿಸಿಯ ಮಾತೇ ಇಲ್ಲ, ಶಕ್ತಿ ಮತ್ತು ತೂಕದ ಲೆಕ್ಕ ಮಾತ್ರ. ನೀವು ಎಲ್ಲೇ ಇರಿ, ಮೊದಲ ಗಾಡಿಗೆ 47ರ ಆಚೆ ಹೋಗಬೇಡಿ. ನನ್ನನ್ನು ಕೇಳಿದರೆ 40ರ ಆಸುಪಾಸು ಅಥವಾ ಅದಕ್ಕಿಂತ ಕೆಳಗೆ ಇದ್ದರೆ ಇನ್ನೂ ಚೆನ್ನ.

ಶಕ್ತಿಯ ಜೊತೆ ನೋಡಬೇಕಾದ ಇನ್ನೊಂದು ಅಂಕಿ ಟಾರ್ಕ್. ಚಕ್ರವನ್ನು ತಿರುಗಿಸುವ ಬಲ ಅದು. ಅದು ಎಷ್ಟು ಅನ್ನುವುದರ ಜೊತೆ, ಯಾವ ಆರ್‌ಪಿಎಂನಲ್ಲಿ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ ಸಿಗುತ್ತದೆ ಅನ್ನುವುದನ್ನೂ ನೋಡಿ. ರಾಯಲ್ ಎನ್‌ಫೀಲ್ಡ್ ಕ್ಲಾಸಿಕ್ 350 ಗಾಡಿಯಲ್ಲಿ 27 ನ್ಯೂಟನ್ ಮೀಟರ್, 4,000 ಆರ್‌ಪಿಎಂನಲ್ಲಿ. ಯಮಹಾ ಆರ್3 ಗಾಡಿಯಲ್ಲಿ 29.6, ಆದರೆ 9,000 ಆರ್‌ಪಿಎಂನಲ್ಲಿ. ಕಾಗದದ ಮೇಲೆ ಎರಡೂ ಹತ್ತಿರ ಹತ್ತಿರ. ರಸ್ತೆಯಲ್ಲಿ ಒಂದಕ್ಕೊಂದು ಸಂಬಂಧವೇ ಇಲ್ಲ. ಕ್ಲಾಸಿಕ್‌ನಲ್ಲಿ ಕ್ಲಚ್ ಬಿಟ್ಟರೆ ಸಾಕು, ಆಕ್ಸಿಲರೇಟರ್ ಮುಟ್ಟದಿದ್ದರೂ ಗಾಡಿ ದುಡುದುಡು ಅಂತ ಹೊರಡುತ್ತದೆ. ಆರ್3ಯಲ್ಲಿ ಹೊಸಬರು ಏರು ದಾರಿಯಲ್ಲಿ ಕ್ಲಚ್ ಬಿಟ್ಟ ತಕ್ಷಣ ಗಾಡಿ ಆಫ್ ಆಗುತ್ತದೆ, ಹಿಂದಿನವರು ಹಾರ್ನ್ ಹೊಡೆಯುತ್ತಾರೆ. ಆದರೆ ಹೆದ್ದಾರಿಯಲ್ಲಿ ಕಥೆ ಉಲ್ಟಾ. ಗಂಟೆಗೆ ನೂರರಲ್ಲಿ ಆರ್3 ಹಾಡುತ್ತಾ ಹೋಗುತ್ತದೆ, ಕ್ಲಾಸಿಕ್ ಏದುಸಿರು ಬಿಡುತ್ತದೆ.

ತೂಕ ಮತ್ತು ಸೀಟು

ತೂಕದ ಅಂಕಿ ನೋಡುವಾಗ ಒಂದು ಎಚ್ಚರ. ಕೆಲವು ಕಂಪನಿಗಳು ಪೆಟ್ರೋಲು, ಆಯಿಲ್ ಏನೂ ಇಲ್ಲದ ಒಣ ತೂಕ ಹಾಕುತ್ತವೆ. ಕೆಲವು ಎಲ್ಲ ತುಂಬಿದ ತೂಕ ಹಾಕುತ್ತವೆ. ಒಂದು ಲೀಟರ್ ಪೆಟ್ರೋಲು ಮುಕ್ಕಾಲು ಕೆ.ಜಿ. ಹತ್ತಿರ ತೂಗುತ್ತದೆ, ಅಂದರೆ 14 ಲೀಟರ್ ಟ್ಯಾಂಕ್ ತುಂಬಿದರೆ ಹತ್ತು ಕೆ.ಜಿ. ಮೇಲೇರಿತು, ಅದೂ ಗಾಡಿಯ ನೆತ್ತಿಯಲ್ಲಿ. ಹೋಲಿಸುವಾಗ ಎರಡೂ ಕಡೆ ತುಂಬಿದ ತೂಕವನ್ನೇ ಹೋಲಿಸಿ.

ತೂಕ ಎಲ್ಲಿ ಕೂತಿದೆ ಅನ್ನುವುದು ಅಷ್ಟೇ ಮುಖ್ಯ. 190 ಕೆ.ಜಿ.ಯ ತಗ್ಗಿನ ಕ್ರೂಸರ್, 170 ಕೆ.ಜಿ.ಯ ಎತ್ತರದ ಗಾಡಿಗಿಂತ ಹಗುರ ಅನ್ನಿಸಬಹುದು. ಇದು ಓದಿದರೆ ತಿಳಿಯುವುದಿಲ್ಲ, ಸ್ಟ್ಯಾಂಡಿನಿಂದ ಎತ್ತಿ ನೋಡಬೇಕು.

ಸೀಟಿನ ಎತ್ತರದ ಬಗ್ಗೆ ಹೊಸಬರಿಗೆ ಎರಡು ತಪ್ಪು ತಿಳುವಳಿಕೆ. ಒಂದು, ಎರಡೂ ಪಾದ ಪೂರ್ತಿ ನೆಲ ಮುಟ್ಟಲೇಬೇಕು ಅನ್ನುವುದು. ಬೇಕಿಲ್ಲ. ಎರಡೂ ಪಾದದ ಮುಂಭಾಗ ಗಟ್ಟಿಯಾಗಿ ಊರಿದರೆ ಅಥವಾ ಒಂದು ಪಾದ ಪೂರ್ತಿ ಊರಿದರೆ ಸಾಕು. ಬರೀ ಹೆಬ್ಬೆರಳು ತಾಗಿದರೆ ಮಾತ್ರ ಸಾಲದು, ನನ್ನ ಕಥೆ ಹೇಳಿದೆನಲ್ಲ. ಎರಡನೆಯದು, ಕಂಪನಿ ಕೊಟ್ಟ ಎತ್ತರದ ಅಂಕಿ ನೋಡಿ ತೀರ್ಮಾನಿಸುವುದು. 800 ಮಿಲಿಮೀಟರ್ ಎತ್ತರದ ತೆಳ್ಳನೆ ಸೀಟಿನಲ್ಲಿ ಕಾಲು ನೇರವಾಗಿ ಇಳಿಯುತ್ತದೆ. ಅದೇ ಎತ್ತರದ ಅಗಲ ಸೀಟಿನಲ್ಲಿ ತೊಡೆ ಹೊರಕ್ಕೆ ಚಾಚಿ, ಪಾದ ಮೇಲೇಳುತ್ತದೆ. ಜೊತೆಗೆ ನೀವು ಕೂತಾಗ ಶಾಕ್ ಅಬ್ಸಾರ್ಬರ್ ಎಷ್ಟು ಕುಗ್ಗುತ್ತದೆ ಅನ್ನುವುದೂ ಇದೆ. ನೀವು ಓಡಿಸುವಾಗ ಹಾಕುವ ಶೂ ಹಾಕಿಕೊಂಡೇ ಹೋಗಿ ಕೂತು ನೋಡಿ. ಚಪ್ಪಲಿಯಲ್ಲಿ ಹೋಗಬೇಡಿ.

ಯಾವ ಬಗೆಯ ಗಾಡಿ?

*ಸಣ್ಣವು, 100ರಿಂದ 125 ಸಿಸಿ.* ಇವುಗಳನ್ನು ಹೀಯಾಳಿಸುವವರು ಜಾಸ್ತಿ. ಹೋಂಡಾ ಸೂಪರ್ ಕಬ್ 1958ರಲ್ಲಿ ಬಂತು, 2017ರ ಹೊತ್ತಿಗೆ ಹತ್ತು ಕೋಟಿ ಗಾಡಿ ತಯಾರಾಗಿದ್ದವು. ಇಷ್ಟು ಜನ ತಪ್ಪು ಮಾಡಿರಲಾರರು ಅಲ್ವಾ? ಈ ವರ್ಗದ ಗಾಡಿ ಸಾಮಾನ್ಯವಾಗಿ 105ರಿಂದ 130 ಕೆ.ಜಿ. ಒಳಗೆ ಇರುತ್ತದೆ. ವಾಲಿದರೆ ಒಂದು ಕೈಯಲ್ಲಿ ಹಿಡಿಯಬಹುದು. ಪೆಟ್ರೋಲು ಕುಡಿಯುವುದಿಲ್ಲ, ಟಯರ್ ಅಗ್ಗ, ಚೈನು ಅಗ್ಗ. ಊರೊಳಗಿನ ಓಡಾಟವೇ ನಿಮ್ಮ ಕೆಲಸ ಆಗಿದ್ದರೆ ಇನ್ನು ಮುಂದೆ ಓದುವ ಅಗತ್ಯವೂ ಇಲ್ಲ, ಇದನ್ನೇ ತೆಗೆದುಕೊಳ್ಳಿ. ಕೊರತೆ ಎಲ್ಲರಿಗೂ ಗೊತ್ತಿರುವುದೇ. ಹೆದ್ದಾರಿಯಲ್ಲಿ ಲಾರಿ ಹಿಂದಿಕ್ಕಲು ದಮ್ಮಿಲ್ಲ, ಪಕ್ಕದಲ್ಲಿ ಬಸ್ಸು ಹೋದರೆ ಗಾಳಿಗೆ ಗಾಡಿ ಅಲ್ಲಾಡುತ್ತದೆ. ಸೂಪರ್ ಕಬ್ ಥರದ ಗಾಡಿಗಳಲ್ಲಿ ಕ್ಲಚ್ ಲಿವರೇ ಇರುವುದಿಲ್ಲ, ಗೇರ್ ಹಾಕಿದರೆ ಕ್ಲಚ್ ತಾನೇ ಕೆಲಸ ಮಾಡುತ್ತದೆ. ಓಡಿಸಲು ಸುಖ, ಆದರೆ ಅದರಲ್ಲಿ ಕಲಿತವರು ಮುಂದೆ ಬೇರೆ ಗಾಡಿ ಹತ್ತಿದಾಗ ಕ್ಲಚ್ ಅನ್ನು ಮೊದಲಿಂದ ಕಲಿಯಬೇಕು.

*ನೇಕೆಡ್ ಮತ್ತು ಫೇರಿಂಗ್ ಇರುವ ಸ್ಪೋರ್ಟ್ಸ್, 300ರಿಂದ 400 ಸಿಸಿ.* ಇಲ್ಲೇ ಹೆಚ್ಚಿನವರ ತಲೆ ಕೆಡುವುದು. ಹಾಗಾಗಿ ಸ್ವಲ್ಪ ನಿಧಾನವಾಗಿ ನೋಡೋಣ.

ಯಮಹಾದಲ್ಲಿ ಒಂದೇ 321 ಸಿಸಿ ಎರಡು ಸಿಲಿಂಡರಿನ ಎಂಜಿನ್ ಎರಡು ವೇಷದಲ್ಲಿ ಸಿಗುತ್ತದೆ. ಮೈತುಂಬ ಪ್ಲಾಸ್ಟಿಕ್, ಅಂದರೆ ಫೇರಿಂಗ್, ಹೊದ್ದಿರುವುದು ಆರ್3. ಎಂಜಿನ್ ಹೊರಗೇ ಕಾಣುವ ನೇಕೆಡ್ ಎಂಟಿ-03. ಎರಡರದ್ದೂ ಸೀಟು 780 ಮಿಲಿಮೀಟರ್, ತೂಕ 170 ಕೆ.ಜಿ. ಆಸುಪಾಸು, ಶಕ್ತಿ 42. ಹಾಗಾದರೆ ಹೊಸಬರಿಗೆ ಯಾವುದು? ಕಣ್ಣುಮುಚ್ಚಿ ಎಂಟಿ-03. ಕಾರಣ ಎರಡು. ನೇಕೆಡ್ ಗಾಡಿಯ ಹ್ಯಾಂಡಲ್ ಎತ್ತರ ಮತ್ತು ಅಗಲ, ಬೆನ್ನು ನೆಟ್ಟಗಿರುತ್ತದೆ, ನಿಧಾನಕ್ಕೆ ತಿರುಗಿಸುವಾಗ ಕೈಗೆ ಹಿಡಿತ ಸಿಗುತ್ತದೆ. ಎರಡನೆಯ ಕಾರಣ ದುಡ್ಡಿನದ್ದು. ನೀವು ಗಾಡಿ ಬೀಳಿಸುತ್ತೀರಿ. ಬೇಜಾರು ಮಾಡಿಕೊಳ್ಳಬೇಡಿ, ಎಲ್ಲರೂ ಬೀಳಿಸುತ್ತಾರೆ. ನೇಕೆಡ್ ಬಿದ್ದರೆ ಲಿವರ್, ಇಂಡಿಕೇಟರ್, ಹ್ಯಾಂಡಲ್ ತುದಿಯ ತೂಕ, ಇಷ್ಟು ಹೋಗುತ್ತದೆ. ಫೇರಿಂಗ್ ಗಾಡಿ ಬಿದ್ದರೆ ಇದೆಲ್ಲದರ ಮೇಲೆ ಪೇಂಟು, ಸ್ಟಿಕ್ಕರ್ ಸಮೇತ ಒಂದು ಇಡೀ ಪಕ್ಕದ ಪ್ಯಾನೆಲ್ ಬದಲಿಸಬೇಕು. ನನ್ನ ಬಿರುಕಿಗೆ ಟೇಪ್ ಅಂಟಿಸಿಕೊಂಡೇ ವರ್ಷಗಟ್ಟಲೆ ಓಡಿಸಿದೆ. ಹೊಸ ಪ್ಯಾನೆಲ್ಲಿನ ಬೆಲೆ ಕೇಳಿ ಸುಮ್ನೆ ವಾಪಸ್ ಬಂದಿದ್ದೆ.

ಫೇರಿಂಗ್ ಇರುವುದರ ಲಾಭ ಇಲ್ಲವೇ ಇಲ್ಲ ಅಂತಲ್ಲ. ದಿನಾ ಹೆದ್ದಾರಿಯಲ್ಲಿ ಐವತ್ತು ಕಿಲೋಮೀಟರ್ ಹೋಗುವವರಿಗೆ ಎದೆಗೆ ಗಾಳಿ ಹೊಡೆಯದಿರುವುದು ದೊಡ್ಡ ಆರಾಮ. ಅಂಥವರಿಗೆ ಕವಾಸಾಕಿ ನಿಂಜಾ 400 ಒಳ್ಳೆಯ ಆಯ್ಕೆ. 2018ರಲ್ಲಿ ಬಂದ ಗಾಡಿ, 399 ಸಿಸಿ, ತೂಕ 170 ಕೆ.ಜಿ.ಗಿಂತ ಕೆಳಗೆ, ಸೀಟು 785. ನೋಟ ರೇಸ್ ಗಾಡಿಯದ್ದಾದರೂ ಹ್ಯಾಂಡಲ್ ಅಷ್ಟು ಕೆಳಗಿಲ್ಲ, ಮಣಿಕಟ್ಟು ನೋಯುವುದಿಲ್ಲ.

ಇದೇ ಗುಂಪಿನಲ್ಲಿ ಕೆಟಿಎಂ 390 ಡ್ಯೂಕ್ ಕೂಡ ಬರುತ್ತದೆ. ಹಳೆಯದರಲ್ಲಿ 373 ಸಿಸಿ, ಈಗಿನದರಲ್ಲಿ 399, ಒಂದೇ ಸಿಲಿಂಡರ್, ಶಕ್ತಿ 44ರ ಆಸುಪಾಸು. ಹಗುರ, ಬ್ರೇಕು ಚೆನ್ನ. ಆದರೆ ಅದು ಚುರುಕು ಸ್ವಭಾವದ ಗಾಡಿ. ಆಕ್ಸಿಲರೇಟರ್ ಒಂದು ಬೆರಳಿನಷ್ಟು ತಿರುಗಿಸಿದರೂ ಮುಂದಕ್ಕೆ ನುಗ್ಗುತ್ತದೆ. ಸ್ಕೂಟರ್ ಆದರೂ ಒಂದಷ್ಟು ಕಾಲ ಓಡಿಸಿದವರಿಗೆ ಅದು ಮಜಾ. ಸೈಕಲ್ಲಿನಿಂದ ನೇರ ಬರುವವರಿಗೆ ಅದನ್ನು ನಾನು ಹೇಳುವುದಿಲ್ಲ.

*ಹಳೆ ಶೈಲಿಯವು, 350 ಸಿಸಿ.* ಕ್ಲಾಸಿಕ್ 350, ಹಂಟರ್ 350, ಮೀಟಿಯರ್ 350 ಮೂರರಲ್ಲೂ ಇರುವುದು ಒಂದೇ 349 ಸಿಸಿ ಎಂಜಿನ್, ಶಕ್ತಿ ಸುಮಾರು 20. ಆದರೆ ಕ್ಲಾಸಿಕ್ 195 ಕೆ.ಜಿ., ಹಂಟರ್ 181. ಹದಿನಾಲ್ಕು ಕೆ.ಜಿ.ಯ ವ್ಯತ್ಯಾಸ ಓಡುವಾಗ ತಿಳಿಯುವುದಿಲ್ಲ, ಪಾರ್ಕಿಂಗ್‌ನಲ್ಲಿ ಚೆನ್ನಾಗಿ ತಿಳಿಯುತ್ತದೆ. ಹಂಟರ್‌ನ ಚಕ್ರವೂ ಚಿಕ್ಕದು, 17 ಇಂಚು, ಇಕ್ಕಟ್ಟಿನಲ್ಲಿ ಬೇಗ ತಿರುಗುತ್ತದೆ. ಹೊಸಬರಿಗೆ ಈ ಮೂರರಲ್ಲಿ ಹಂಟರ್ ಸರಿ. ಕ್ಲಾಸಿಕ್‌ನ ಚೆಂದಕ್ಕೆ ಮನಸೋತಿದ್ದರೆ, ತೋಳಿನಲ್ಲಿ ಶಕ್ತಿಯೂ ಇದ್ದರೆ, ಅದೂ ಕೆಟ್ಟ ಆಯ್ಕೆಯಲ್ಲ. ಮೊದಲೇ ಹೇಳಿದ ಆ ದುಡುದುಡು ಟಾರ್ಕ್ ಹೊಸಬರ ಎಷ್ಟೋ ತಪ್ಪನ್ನು ಮನ್ನಿಸುತ್ತದೆ. ತಪ್ಪು ಗೇರಿನಲ್ಲಿದ್ದರೂ ಗೊಣಗಿಕೊಂಡು ಎಳೆಯುತ್ತದೆ.

*ಕ್ರೂಸರ್.* ಕುಳ್ಳಗಿರುವವರಿಗೆ ಇದು ವರ. ಹೋಂಡಾ ರೆಬೆಲ್ ಸೀಟು ಬರೀ 690 ಮಿಲಿಮೀಟರ್. 286 ಸಿಸಿಯ ರೆಬೆಲ್ 300 ಅಂತೂ ಹೊಸಬರ ಧೈರ್ಯ ಹೆಚ್ಚಿಸುವ ಗಾಡಿ, ಮೊಣಕಾಲು ಮಡಚಿಯೇ ನೆಲಕ್ಕೆ ಕಾಲು ಊರಬಹುದು. ಕ್ರೂಸರಿನ ತೊಂದರೆ ಇರುವುದು ಉದ್ದದಲ್ಲಿ. ಎರಡು ಚಕ್ರದ ನಡುವಿನ ದೂರ ಜಾಸ್ತಿ ಇದ್ದಷ್ಟೂ ಯೂಟರ್ನಿಗೆ ರಸ್ತೆ ಸಾಲುವುದಿಲ್ಲ. ಫುಟ್‌ರೆಸ್ಟ್ ತೀರಾ ಮುಂದಿದ್ದರೆ ಗುಂಡಿ ಬಂದಾಗ ಎದ್ದು ನಿಲ್ಲಲು ಆಗುವುದಿಲ್ಲ, ಏಟು ನೇರ ಬೆನ್ನಿಗೆ.

*ಎತ್ತರದವು.* ಮಣ್ಣುದಾರಿ, ಕೆಟ್ಟ ರಸ್ತೆ ಇದ್ದವರಿಗೆ ಇವು ಆಸೆ ಹುಟ್ಟಿಸುತ್ತವೆ. ಹೋಂಡಾ ಸಿಆರ್‌ಎಫ್300ಎಲ್ ಬರೀ 142 ಕೆ.ಜಿ., ಬಿದ್ದರೂ ಏನೂ ಆಗದ ಗಟ್ಟಿ ಗಾಡಿ, ಆದರೆ ಸೀಟು 880 ಮಿಲಿಮೀಟರ್! ಆರಡಿಯವರಿಗೆ ಸರಿ. ರಾಯಲ್ ಎನ್‌ಫೀಲ್ಡ್‌ನ ಹಳೆಯ 411 ಸಿಸಿ ಹಿಮಾಲಯನ್ ಇದಕ್ಕೆ ತದ್ವಿರುದ್ಧ. ಸೀಟು 800, ಕಾಲು ಎಟಕುತ್ತದೆ, ತೂಕ ಮಾತ್ರ 199 ಕೆ.ಜಿ. ಈ ಬಗೆಯ ಗಾಡಿ ಬೇಕು ಅನ್ನುವವರು ತಮ್ಮ ಓಡಾಟದಲ್ಲಿ ಮಣ್ಣು ಎಷ್ಟು, ಡಾಂಬರು ಎಷ್ಟು ಅಂತ ಮೊದಲು ಪ್ರಾಮಾಣಿಕವಾಗಿ ಲೆಕ್ಕ ಹಾಕಲಿ.

ಎಲೆಕ್ಟ್ರಿಕ್ ಬೈಕಿನಲ್ಲಿ ಕ್ಲಚ್ ಇಲ್ಲ, ಗೇರ್ ಇಲ್ಲ, ಆಫ್ ಆಗುವ ಭಯವೂ ಇಲ್ಲ. ಮನೆಯಲ್ಲಿ ಚಾರ್ಜ್ ಮಾಡಲು ಜಾಗ ಇದ್ದು, ದಿನದ ಓಡಾಟಕ್ಕೆ ಒಂದು ಲೆಕ್ಕ ಇದ್ದರೆ ಧಾರಾಳವಾಗಿ ನೋಡಬಹುದು. ಒಂದೇ ಎಚ್ಚರ, ಮೋಟರ್ ಸೊನ್ನೆಯಿಂದಲೇ ಪೂರ್ತಿ ಟಾರ್ಕ್ ಕೊಡುತ್ತದೆ. ಮೊದಲ ದಿನಗಳಲ್ಲಿ ಶಕ್ತಿ ತಗ್ಗಿಸುವ ಇಕೋ ಮೋಡ್ ಬಿಟ್ಟು ಕದಲಬೇಡಿ.

ಹೊಸದೋ, ಸೆಕೆಂಡ್ ಹ್ಯಾಂಡೋ?

ಮೊದಲ ಬೈಕು ಬೀಳುತ್ತದೆ ಅಂತ ಒಪ್ಪಿಕೊಂಡರೆ ಈ ಪ್ರಶ್ನೆಗೆ ಅರ್ಧ ಉತ್ತರ ಸಿಕ್ಕ ಹಾಗೆ. ಆಗಲೇ ಎರಡು ಗೀರು ಇರುವ ಗಾಡಿಗೆ ಮೂರನೇ ಗೀರು ಬಿದ್ದರೆ ಹೊಟ್ಟೆ ಉರಿಯುವುದಿಲ್ಲ. ಹೊಸ ಗಾಡಿಯ ಬೆಲೆ ಮೊದಲ ವರ್ಷದಲ್ಲೇ ಚೆನ್ನಾಗಿ ಇಳಿಯುತ್ತದೆ, ಆ ನಷ್ಟ ಹಿಂದಿನ ಮಾಲೀಕರದ್ದು. ಎರಡು ವರ್ಷ ಓಡಿಸಿ ನೀವು ಮಾರುವಾಗಲೂ ಕಳೆದುಕೊಳ್ಳುವುದು ಕಡಿಮೆ.

ಆದರೆ ಸೆಕೆಂಡ್ ಹ್ಯಾಂಡ್ ಅಂದರೆ ನೋಡುವ ಕಣ್ಣು ಬೇಕು. ನಾನು ಮೋಸ ಹೋಗಿದ್ದು ಹೇಗೆ ಅಂತ ಹೇಳುತ್ತೇನೆ. ಗಾಡಿ ನೋಡಲು ಹೋದಾಗ ಮಾರುವವರು ನಗುನಗುತ್ತಾ ಸೆಲ್ಫ್ ಒತ್ತಿದರು, ಒಂದೇ ಸಲಕ್ಕೆ ಸ್ಟಾರ್ಟ್. ಖುಷಿಯಾಯಿತು. ಎಂಜಿನ್ ಹತ್ತಿರ ಕೈ ತಂದಾಗ ಬಿಸಿ ತಾಗಿತು. ಕೇಳಿದರೆ, "ಈಗಷ್ಟೇ ಒಂದು ರೌಂಡ್ ಹೋಗಿಬಂದೆ" ಅಂದರು. ನಾನು ತಲೆಯಾಡಿಸಿದೆ. ಮಾರನೇ ಬೆಳಿಗ್ಗೆ ಅದೇ ಗಾಡಿ ನನ್ನ ಮನೆಮುಂದೆ ಕಾಲು ಗಂಟೆ ಕೆಮ್ಮಿತು, ಸ್ಟಾರ್ಟ್ ಆಗಲಿಲ್ಲ. ಬಿಸಿ ಎಂಜಿನ್ ತನ್ನ ರೋಗವನ್ನೆಲ್ಲ ಮುಚ್ಚಿಡುತ್ತದೆ. ಅದಕ್ಕೇ ಈಗ ಮೊದಲೇ ಫೋನಿನಲ್ಲಿ ಹೇಳಿಬಿಡುತ್ತೇನೆ, ನಾನು ಬರುವವರೆಗೆ ಸ್ಟಾರ್ಟ್ ಮಾಡಬೇಡಿ ಅಂತ. ಹೋದ ಕೂಡಲೇ ಮಾತಿಗೆ ಮೊದಲು ಸಿಲಿಂಡರ್ ಹತ್ತಿರ ಅಂಗೈ ಒಡ್ಡುತ್ತೇನೆ. ಬಿಸಿ ಇದ್ದರೆ ಇನ್ನೊಂದು ದಿನ ಬರುತ್ತೇನೆ ಅಂತ ಹೊರಡುವುದೇ.

ತಣ್ಣಗಿರುವ ಎಂಜಿನ್ ಸ್ಟಾರ್ಟ್ ಆದ ಮೇಲೆ ಸೈಲೆನ್ಸರ್ ಕಡೆ ಹೋಗಿ ನಿಲ್ಲಿ. ನೀಲಿ ಹೊಗೆ ಬಂದರೆ ಆಯಿಲ್ ಉರಿಯುತ್ತಿದೆ, ಎಂಜಿನ್ ರಿಪೇರಿಗೆ ಬಂದಿದೆ ಅಂತ ಅರ್ಥ. ಕಪ್ಪು ಹೊಗೆ ಅಂದರೆ ಪೆಟ್ರೋಲು ಜಾಸ್ತಿ ಹೋಗುತ್ತಿದೆ, ಇದು ಅಷ್ಟು ದೊಡ್ಡ ಕಾಯಿಲೆಯಲ್ಲ. ಚಳಿಯ ಬೆಳಿಗ್ಗೆ ತುಸು ಬಿಳಿ ಆವಿ ಬಂದು ನಿಂತರೆ ಸಹಜ. ಬಿಸಿಯಾದ ಮೇಲೂ ಬಿಳಿ ಹೊಗೆ ಬರುತ್ತಲೇ ಇದ್ದರೆ, ಅದೂ ರೇಡಿಯೇಟರ್ ಇರುವ ಗಾಡಿಯಾದರೆ, ಎಂಜಿನ್ ತಂಪಾಗಿಡುವ ಕೂಲಂಟ್ ದ್ರವ ಒಳಕ್ಕೆ ಸೋರುತ್ತಿರಬಹುದು. ಕೈಮುಗಿದು ಬನ್ನಿ.

ಆಮೇಲೆ ಚೈನು. ಚೈನು ಸುತ್ತುವ ಹಿಂದಿನ ಹಲ್ಲುಚಕ್ರದ, ಅಂದರೆ ಸ್ಪ್ರಾಕೆಟ್‌ನ, ಹಲ್ಲುಗಳನ್ನು ಬಗ್ಗಿ ನೋಡಿ. ಒಂದೇ ಕಡೆಗೆ ಬಾಗಿ ಅಲೆಯ ಹಾಗೆ ಚೂಪಾಗಿದ್ದರೆ ಚೈನು, ಎರಡೂ ಸ್ಪ್ರಾಕೆಟ್ ಸೇರಿ ಬದಲಿಸಬೇಕು. ಆ ದುಡ್ಡನ್ನು ಬೆಲೆಯಲ್ಲಿ ಕಳೆಯಿರಿ. ಟಯರಿನ ಪಕ್ಕದಲ್ಲಿ ಪುಟ್ಟ ಚೌಕಟ್ಟಿನೊಳಗೆ ನಾಲ್ಕು ಅಂಕಿ ಇರುತ್ತದೆ. 2319 ಅಂತ ಇದ್ದರೆ 2019ರ 23ನೇ ವಾರ ತಯಾರಾದದ್ದು. ಟಯರಿನ ಮೇಲಿನ ಗೆರೆ ಎಷ್ಟೇ ಆಳ ಉಳಿದಿರಲಿ, ಹತ್ತು ವರ್ಷದ ರಬ್ಬರು ಕಲ್ಲಿನಂತೆ ಗಟ್ಟಿಯಾಗಿ ಮಳೆಯಲ್ಲಿ ಜಾರುತ್ತದೆ. ಮುಂದಿನ ಚಕ್ರ ಹಿಡಿದಿರುವ ಫೋರ್ಕಿನ ಹೊಳೆಯುವ ಕೊಳವೆಯ ಮೇಲೆ ಬೆರಳಾಡಿಸಿ, ಎಣ್ಣೆ ಅಂಟಿದರೆ ಸೀಲು ಹೋಗಿದೆ.

ಕಿಲೋಮೀಟರ್ ಮೀಟರನ್ನು ನಂಬಬೇಡಿ, ಅದನ್ನು ತಿರುಗಿಸುವವರಿದ್ದಾರೆ. ಫುಟ್‌ರೆಸ್ಟಿನ ರಬ್ಬರು, ಹ್ಯಾಂಡಲ್ ಗ್ರಿಪ್ಪು, ಗೇರ್ ಪೆಡಲ್ಲಿನ ತುದಿ ನೋಡಿ. ಎಂಟು ಸಾವಿರ ಕಿಲೋಮೀಟರ್ ಓಡಿದೆ ಅನ್ನುವ ಗಾಡಿಯ ಫುಟ್‌ರೆಸ್ಟ್ ರಬ್ಬರು ಬೋಳಾಗಿದ್ದರೆ ಲೆಕ್ಕ ಸರಿಯಿಲ್ಲ. ಹ್ಯಾಂಡಲ್ ತುದಿ, ಲಿವರ್ ತುದಿ, ಸೈಲೆನ್ಸರ್ ಹೊರಮೈ ಮೂರೂ ಒಂದೇ ಪಕ್ಕದಲ್ಲಿ ಉಜ್ಜಿದ್ದರೆ ಗಾಡಿ ಓಡುವಾಗಲೇ ಬಿದ್ದಿದೆ. ನಿಂತಲ್ಲೇ ಬಿದ್ದಿದ್ದರೆ ಗೀರು ಚಿಕ್ಕದು, ಎಳೆದ ಗುರುತು ಇರುವುದಿಲ್ಲ. ಫ್ರೇಮಿನ ಮೇಲಿನ ನಂಬರು ದಾಖಲೆಯ ನಂಬರಿಗೆ ಹೊಂದಬೇಕು, ಇದರಲ್ಲಿ ಚೌಕಾಸಿ ಇಲ್ಲ.

ಇಷ್ಟು ನೋಡಲು ನಿಮ್ಮಿಂದ ಆಗದಿದ್ದರೆ, ಜೊತೆಗೆ ಬರಲು ಬಲ್ಲವರು ಯಾರೂ ಇಲ್ಲದಿದ್ದರೆ, ಹೊಸ ಸಣ್ಣ ಗಾಡಿಯೇ ಒಳ್ಳೆಯದು. ಹಳೆಯ ದೊಡ್ಡ ಗಾಡಿಗಿಂತ ಹೊಸ ಚಿಕ್ಕ ಗಾಡಿ ಮೇಲು.

ಎಬಿಎಸ್‌ಗೆ ದುಡ್ಡು ಕೊಡಬೇಕಾ?

ಕೊಡಿ. ಬೇರೆಲ್ಲಾದರೂ ಉಳಿಸಿ, ಇಲ್ಲಿ ಬೇಡ. ಮುಂದೆ ನಾಯಿ ಬಂದಾಗ ಹೊಸಬರು ಮಾಡುವುದು ಒಂದೇ ಕೆಲಸ, ಸಿಕ್ಕ ಬ್ರೇಕನ್ನೆಲ್ಲ ಬಿಗಿಯಾಗಿ ಒತ್ತುವುದು. ಚಕ್ರ ಲಾಕ್ ಆಗುತ್ತದೆ. ಹಿಂದಿನದು ಲಾಕ್ ಆದರೆ ಗಾಡಿ ಬಾಲ ಅಲ್ಲಾಡಿಸುತ್ತದೆ, ಮುಂದಿನದು ಲಾಕ್ ಆದರೆ ಕಣ್ಣು ಮಿಟುಕಿಸುವಷ್ಟರಲ್ಲಿ ನೆಲ. ಎಬಿಎಸ್ ಇದ್ದರೆ ಚಕ್ರ ಲಾಕ್ ಆಗುವ ಮೊದಲೇ ಬ್ರೇಕನ್ನು ಬಿಟ್ಟು ಹಿಡಿದು ಮಾಡುತ್ತದೆ. 1988ರಲ್ಲಿ ಬಿಎಂಡಬ್ಲ್ಯು ಕೆ100 ಬೈಕಿನಲ್ಲಿ ಬಂದಾಗ ಇದು ಶ್ರೀಮಂತರ ಸೌಕರ್ಯವಾಗಿತ್ತು. ಯುರೋಪಿನಲ್ಲಿ 125 ಸಿಸಿ ಮೇಲ್ಪಟ್ಟ ಹೊಸ ಮಾಡೆಲ್ಲುಗಳಿಗೆ 2016ರಿಂದ ಕಡ್ಡಾಯ. ಸಿಂಗಲ್ ಚಾನೆಲ್ ಅಂದರೆ ಮುಂದಿನ ಚಕ್ರಕ್ಕೆ ಮಾತ್ರ, ಡ್ಯುಯಲ್ ಅಂದರೆ ಎರಡಕ್ಕೂ. ದುಡ್ಡು ಕಡಿಮೆ ಇದ್ದರೆ ಸಿಂಗಲ್ ಸಾಕು, ಜೀವ ಉಳಿಸುವ ಚಕ್ರ ಮುಂದಿನದೇ.

ಒಂದು ಸಂಗತಿ ಮಾತ್ರ ನೆನಪಿರಲಿ. ವೇಗ ಎರಡು ಪಟ್ಟಾದರೆ ಬ್ರೇಕ್ ಹಾಕಿ ನಿಲ್ಲಲು ಬೇಕಾದ ದೂರ ನಾಲ್ಕು ಪಟ್ಟಾಗುತ್ತದೆ. ಯಾವ ಎಬಿಎಸ್ಸೂ ಈ ಲೆಕ್ಕ ಬದಲಿಸುವುದಿಲ್ಲ.

ದುಡ್ಡನ್ನು ಹಂಚುವುದು

ಕೈಯಲ್ಲಿರುವ ದುಡ್ಡನ್ನೆಲ್ಲ ಗಾಡಿಗೇ ಸುರಿದು, ಹೆಲ್ಮೆಟ್ಟಿಗೆ ಚಿಲ್ಲರೆ ಹುಡುಕುವವರನ್ನು ಬೇಕಾದಷ್ಟು ನೋಡಿದ್ದೇನೆ. ಉಲ್ಟಾ ಮಾಡಿ. ಮೊದಲು ಹೆಲ್ಮೆಟ್, ಜಾಕೆಟ್, ಗ್ಲೌಸ್, ಕಣಕಾಲು ಮುಚ್ಚುವ ಶೂ, ಇವುಗಳ ಬೆಲೆ ತೆಗೆದಿಡಿ. ಆಮೇಲೆ ವಿಮೆ. ಎರಡು ಗಾಡಿಗೆ ಬೆಲೆ ಒಂದೇ ಇದ್ದರೂ ವಿಮೆ ಒಂದೇ ಇರುವುದಿಲ್ಲ, ಕೊಳ್ಳುವ ಮೊದಲೇ ಎರಡಕ್ಕೂ ಕೇಳಿ. ಆಮೇಲೆ ಮೊದಲ ಸರ್ವಿಸ್, ಬೇಕಿದ್ದರೆ ಎರಡು ಟಯರ್. ಉಳಿದದ್ದು ಗಾಡಿಗೆ. ಹೆಲ್ಮೆಟ್ ಮಾತ್ರ ಸೆಕೆಂಡ್ ಹ್ಯಾಂಡ್ ಬೇಡವೇ ಬೇಡ. ಒಮ್ಮೆ ಜೋರಾಗಿ ಬಿದ್ದ ಹೆಲ್ಮೆಟ್ಟಿನ ಒಳಗಿನ ಥರ್ಮೊಕೋಲ್ ಕುಗ್ಗಿಹೋಗಿರುತ್ತದೆ, ಹೊರಗಿನಿಂದ ಕಾಣುವುದಿಲ್ಲ.

ಪಟ್ಟಿಯಲ್ಲಿ ಇನ್ನೊಂದು ಸೇರಿಸಿ, ತರಬೇತಿ. ಅಮೆರಿಕದ ಲಾಸ್ ಏಂಜಲೀಸ್ ಪ್ರದೇಶದಲ್ಲಿ ಹ್ಯಾರಿ ಹರ್ಟ್ ಅನ್ನುವವರ ತಂಡ ಒಂಬೈನೂರಕ್ಕೂ ಹೆಚ್ಚು ಬೈಕ್ ಅಪಘಾತಗಳನ್ನು ಒಂದೊಂದಾಗಿ ಪರೀಕ್ಷಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೆ ಸಿಕ್ಕವರಲ್ಲಿ 92 ಶೇಕಡಾ ಜನ ತಾವಾಗಿಯೇ ಅಥವಾ ಮನೆಯವರು, ಗೆಳೆಯರಿಂದ ಕಲಿತವರು. ಅರ್ಧಕ್ಕಿಂತ ಜಾಸ್ತಿ ಜನ ಆ ಬೈಕನ್ನು ಓಡಿಸಲು ಶುರು ಮಾಡಿ ಐದು ತಿಂಗಳೂ ಆಗಿರಲಿಲ್ಲ. ಇದರಲ್ಲಿ ಗಮನಿಸಬೇಕಾದದ್ದು, ಅವರೆಲ್ಲ ಬೈಕಿಗೇ ಹೊಸಬರಲ್ಲ. ಸರಾಸರಿ ಮೂರು ವರ್ಷದ ಹತ್ತಿರ ರಸ್ತೆಯಲ್ಲಿ ಓಡಿಸಿದವರು. ಗಾಡಿ ಹೊಸದು, ಅಷ್ಟೆ. ಹಾಗಿರುವಾಗ ಗಾಡಿಯೂ ಹೊಸದು, ಓಡಿಸುವವರೂ ಹೊಸಬರು ಅಂದರೆ ಆ ಐದು ತಿಂಗಳಿಗೆ ಸಾಧು ಗಾಡಿಯೇ ಬೇಕಲ್ಲವೇ?

ಕೊನೆಗೆ ಎರಡು ಗಾಡಿ ಉಳಿದಾಗ

ಎರಡನ್ನೂ ಎಂಜಿನ್ ಆಫ್ ಇಟ್ಟು ಪರೀಕ್ಷಿಸಿ. ಪಕ್ಕದಲ್ಲಿ ನಿಂತು ಹ್ಯಾಂಡಲ್ ಹಿಡಿದು ಹತ್ತು ಹೆಜ್ಜೆ ಮುಂದೆ ತಳ್ಳಿ, ಹತ್ತು ಹೆಜ್ಜೆ ಹಿಂದೆ ಎಳೆಯಿರಿ. ಹ್ಯಾಂಡಲ್ ಪೂರ್ತಿ ತಿರುಗಿಸಿ ಒಂದು ಸುತ್ತು ತಳ್ಳಿಕೊಂಡು ಬನ್ನಿ, ಎರಡೂ ಕಡೆಗೆ. ಮೇಲೆ ಕೂತು ಸೈಡ್ ಸ್ಟ್ಯಾಂಡ್ ಎತ್ತಿ, ಗಾಡಿಯನ್ನು ನಿಧಾನಕ್ಕೆ ಒಂದು ಕಡೆ ವಾಲಿಸಿ ಮತ್ತೆ ನೆಟ್ಟಗೆ ತನ್ನಿ. ಪಕ್ಕದಲ್ಲಿ ಒಬ್ಬರು ನಿಂತಿರಲಿ. ಶೋರೂಮಿನವರು ಮುಖ ಕಿವುಚಿದರೆ ಕಿವುಚಲಿ. ಕ್ಲಚ್ ಲಿವರನ್ನು ಎರಡೇ ಬೆರಳಿನಲ್ಲಿ ಇಪ್ಪತ್ತು ಸಲ ಒತ್ತಿ ನೋಡಿ. ಹದಿನೈದನೇ ಸಲಕ್ಕೆ ಮುಂಗೈ ಉರಿದರೆ ಟ್ರಾಫಿಕ್ಕಿನಲ್ಲಿ ಆ ಗಾಡಿ ನಿಮಗೆ ಶಿಕ್ಷೆ.

ನನ್ನನ್ನು ಹೆಸರು ಹಿಡಿದು ಹೇಳಿ ಅಂದರೆ ಹೀಗೆ ಹೇಳುತ್ತೇನೆ. ಊರೊಳಗೆ ಮಾತ್ರ ಅಂದರೆ 125ರ ಒಳಗಿನ ಯಾವುದಾದರೂ ಸರಿ. ಊರು, ಹೆದ್ದಾರಿ ಎರಡೂ ಇದ್ದರೆ ಎರಡು ಮೂರು ವರ್ಷ ಹಳೆಯ ಎಂಟಿ-03. ಅವಸರವಿಲ್ಲದವರಿಗೆ ಹಂಟರ್. ಸೀಟಿನ ಎತ್ತರವೇ ಹೆದರಿಕೆಯಾದರೆ ರೆಬೆಲ್. ಈ ಪಟ್ಟಿಯಲ್ಲಿರುವುದು ನಿಮ್ಮ ಕಡೆ ಸಿಗದಿದ್ದರೆ ಅದೇ ತೂಕ, ಅದೇ ಶಕ್ತಿಯ ಬೇರೆ ಗಾಡಿ ಖಂಡಿತ ಇರುತ್ತದೆ. ತೀರಾ ಅಪರೂಪದ್ದನ್ನು ಮಾತ್ರ ತರಬೇಡಿ. ಬೆಲೆ ಕಡಿಮೆ ಇರಬಹುದು, ಒಂದು ಬ್ರೇಕ್ ಪ್ಯಾಡಿಗೆ ತಿಂಗಳು ಕಾಯಬೇಕಾಗುತ್ತದೆ. ಬಿಡಿಭಾಗ ಸಿಗುವ, ಪಕ್ಕದ ಬೀದಿಯ ಮೆಕ್ಯಾನಿಕ್ಕಿಗೆ ಕೈ ಪಳಗಿರುವ ಗಾಡಿಯೇ ನಿಜವಾಗಿ ಅಗ್ಗದ ಗಾಡಿ.

ಗಾಡಿ ಮನೆಗೆ ತರುವ ದಿನ ಅದರದ್ದೇ ಕ್ಲಚ್ ಲಿವರ್ ಒಂದು, ಬ್ರೇಕ್ ಲಿವರ್ ಒಂದು ಕೊಂಡು, ಹಳೇ ಬಟ್ಟೆಯಲ್ಲಿ ಸುತ್ತಿ ಸೀಟಿನ ಕೆಳಗೆ ಇಟ್ಟುಬಿಡಿ. ಜೊತೆಗೆ ಹತ್ತನೇ ನಂಬರಿನ ಸ್ಪ್ಯಾನರ್. ನನಗೆ ಮೊದಲನೇದು ಬೇಕಾಗಿದ್ದು ಎಂಟನೇ ದಿನ.